ನೆರೆಮನೆಯ ನಾದಕ್ಕೆ ನಮ್ಮ ಕಿವಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಪಿಟೀಲಿನ ಪೆಟ್ಟಿಗೆಯೊಂದು ಕಾಣದಿರುವುದು ಇಂದು ಅಪರೂಪ. ದೇವರ ಕೋಣೆಯ ಪಕ್ಕದಲ್ಲೋ, ಗರಾಜಿನಿಂದ ಒಳಬರುವ ಬಾಗಿಲಿನ ಬಳಿ ಪಾದರಕ್ಷೆಗಳ ಸಾಲಿಗೋ ಅದು ಒರಗಿಕೊಂಡಿರುತ್ತದೆ. ನಾಲ್ಕನೆಯ ಅಥವಾ ಐದನೆಯ ತರಗತಿಗೆ ಬಂದ ಮಗು ಶಾಲೆಯ ವಾದ್ಯವೃಂದವನ್ನು ಸೇರುತ್ತದೆ. ತಾಯಿತಂದೆಯರು ವಾರಕ್ಕೊಮ್ಮೆ ಖಾಸಗಿ ಪಾಠಕ್ಕೆ ಕರೆದೊಯ್ಯುತ್ತಾರೆ. ವರ್ಷಕ್ಕೆರಡು ಬಾರಿ ಬಿಳಿಯ ಅಂಗಿ, ಕಪ್ಪು ಷರಾಯಿ ತೊಡಿಸಿ ಶಾಲೆಯ ಸಭಾಂಗಣಕ್ಕೆ ತಲುಪಿಸಿ, ಇಡೀ ಕಾರ್ಯಕ್ರಮವನ್ನು ಅಂಗೈಯಗಲದ ಪರದೆಯ ಮೂಲಕವೇ ನೋಡಿ, ತಮ್ಮ ಮಗುವಿನ ಸರದಿ ಮುಗಿದೊಡನೆ ಹಿಂದಿನ ಸಾಲಿನಿಂದ ಮೆಲ್ಲನೆ ಎದ್ದು ಹೊರನಡೆಯುತ್ತಾರೆ. ಹಾಗೆ ಹೊರನಡೆಯುವವರಲ್ಲಿ ನಮ್ಮವರ ಸಂಖ್ಯೆ ಕಡಿಮೆಯೇನಲ್ಲ. ಮಗು ಕಾಲೇಜು ಸೇರಿದ ವರ್ಷ ಪೆಟ್ಟಿಗೆ ನೆಲಮಾಳಿಗೆಗೆ ಇಳಿಯುತ್ತದೆ. ಅದರೊಡನೆ ಆ ಮನೆಯವರಿಗೂ ಊರಿನ ಸಂಗೀತಕ್ಕೂ ಇದ್ದ ನಂಟು ಕಡಿದುಹೋಗುತ್ತದೆ.

ಈ ಸಮ್ಮೇಳನಕ್ಕೆ ದೂರದೂರದಿಂದ ಆಗಮಿಸಿರುವ ಬಂಧುಗಳ ಮುಂದೆ ನಾನು ಇಡಬಯಸುವ ಮಾತು ಇಷ್ಟೇ. ನಾವು ವಾಸಿಸುವ ಊರಿನ ಆಪೆರಾಕ್ಕೆ, ಸಮೀಪದ ವಿಶ್ವವಿದ್ಯಾಲಯದ ವಿದ್ಯಾರ್ಥಿ ವಾದ್ಯವೃಂದದ ಕಚೇರಿಗೆ, ತಾಯಿತಂದೆಯರಾಗಿ ಅಲ್ಲದೆ ಕೇವಲ ಶ್ರೋತೃಗಳಾಗಿ ನಾವು ಹೋಗಬೇಕು. ನ್ಯೂಯಾರ್ಕಿಗೆ ಬಂದ ನೆಂಟರನ್ನು ಮೆಟ್ರೊಪಾಲಿಟನ್ ಆಪೆರಾದ ಮುಂದೆ ನಿಲ್ಲಿಸಿ ಭಾವಚಿತ್ರ ತೆಗೆಯುವುದನ್ನು ನಾನು ಹೇಳುತ್ತಿಲ್ಲ. ನಮ್ಮ ಮನೆಯಿಂದ ಅರ್ಧ ಗಂಟೆಯ, ಹೆಚ್ಚೆಂದರೆ ಒಂದು ಗಂಟೆಯ ಹಾದಿಯಲ್ಲಿರುವ, ಹೆಸರಿಲ್ಲದ ಹಾಡುಗಾರರು ಹಾಡುವ, ಇನ್ನೂ ಪರೀಕ್ಷೆ ಮುಗಿಸದ ಹುಡುಗ ಹುಡುಗಿಯರು ನುಡಿಸುವ ಚಿಕ್ಕ ರಂಗಮಂದಿರಗಳ ಮಾತಿದು.

ಇಂತಹ ಸ್ಥಳಗಳ ಸಂಪತ್ತು ಎಷ್ಟೆಂಬುದಕ್ಕೆ ಇಂಡಿಯಾನ ರಾಜ್ಯದ ಬ್ಲೂಮಿಂಗ್‌ಟನ್ ಒಂದನ್ನೇ ನೋಡಬಹುದು. ಸುತ್ತ ಜೋಳದ ಹೊಲಗಳಿರುವ ಈ ಊರಿನ ವಿಶ್ವವಿದ್ಯಾಲಯದಲ್ಲಿ 1948ರಿಂದ ವಿದ್ಯಾರ್ಥಿಗಳೇ ಆಪೆರಾ ಆಡುತ್ತ ಬಂದಿದ್ದಾರೆ. ವಾಗ್ನರನ ‘ಪಾರ್ಸಿಫಾಲ್’ನಂತಹ, ವೃತ್ತಿಪರ ಕಂಪನಿಗಳೂ ಕೈಹಾಕಲು ಹಿಂಜರಿಯುವ ಸುದೀರ್ಘ ಕೃತಿಯನ್ನು 1949ರಲ್ಲಿಯೇ ರಂಗಕ್ಕೆ ತಂದು, ಅನಂತರ ಹಲವಾರು ವರ್ಷ ಅದನ್ನು ವಾರ್ಷಿಕ ವ್ರತದಂತೆ ನಡೆಸಿಕೊಂಡು ಹೋದರು. 1972ರಲ್ಲಿ ಅವರಿಗಾಗಿಯೇ ಒಂದು ಪೂರ್ಣಪ್ರಮಾಣದ ಆಪೆರಾ ಮಂದಿರ ತೆರೆಯಿತು. 1981ರಲ್ಲಿ ಈ ವಿದ್ಯಾರ್ಥಿಗಳು ಮಾರ್ಟಿನೂ ರಚಿಸಿದ ‘ದಿ ಗ್ರೀಕ್ ಪ್ಯಾಶನ್’ ಎಂಬ ಆಪೆರಾವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ರಂಗದ ಮೇಲೆಯೇ ಆಡಿ ಬಂದರು. ಅಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ, ಅವುಗಳಲ್ಲಿ ಬಹುಪಾಲು ಉಚಿತ. ಪ್ರಮಾಣದಲ್ಲಿ ಇದು ದೊಡ್ಡ ಉದಾಹರಣೆ ನಿಜ; ಆದರೆ ಸಂಗೀತ ವಿಭಾಗವಿರುವ ಯಾವ ರಾಜ್ಯ ವಿಶ್ವವಿದ್ಯಾಲಯದ ಊರಿಗೆ ಹೋದರೂ ಇದರದೊಂದು ಸಣ್ಣ ರೂಪ ಇದ್ದೇ ಇರುತ್ತದೆ. ನಮ್ಮವರು ಆ ಊರುಗಳಲ್ಲಿ ಇದ್ದಾರೆ. ಅಲ್ಲಿನ ಪ್ರಯೋಗಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಗಣಕ ವಿಭಾಗಗಳಲ್ಲಿ ದುಡಿಯುತ್ತಿದ್ದಾರೆ. ಅದೇ ಆವರಣದ ಇನ್ನೊಂದು ತುದಿಯ ಸಭಾಂಗಣದ ಬಾಗಿಲನ್ನು ಮಾತ್ರ ತಳ್ಳಿ ನೋಡಿದವರು ವಿರಳ.

ಏಕೆ ಎಂದು ಕೇಳಿದರೆ ಮೊದಲು ಬರುವ ಉತ್ತರ, “ಅದು ನಮ್ಮದಲ್ಲವಲ್ಲ” ಎಂಬುದು. ಕನ್ನಡಿಗರ ಬಾಯಲ್ಲಿ ಈ ಮಾತು ನನಗೆ ಸ್ವಲ್ಪ ವಿಚಿತ್ರವಾಗಿಯೇ ಕೇಳಿಸುತ್ತದೆ. ಭಾರತದ ಬೇರೆ ಯಾವ ಪ್ರಾಂತದವರು ಹೇಳಿದರೂ ಹೇಳಿಯಾರು, ಮೈಸೂರಿನ ಚರಿತ್ರೆಯನ್ನು ಬಲ್ಲವರು ಹೇಳಲಾರರು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವೀಣೆ ಶೇಷಣ್ಣನವರಂತಹ ವೈಣಿಕರ ಜೊತೆಗೆ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಅದನ್ನು ನಡೆಸಲು ಆಟೋ ಶ್ಮಿಟ್ ಎಂಬ ಜರ್ಮನ್ ಸಂಗೀತಗಾರರಿದ್ದರು. ದಸರೆಯ ದೀಪಗಳ ಕೆಳಗೆ ಎರಡೂ ಸಂಗೀತಗಳು ಮೊಳಗುತ್ತಿದ್ದುದನ್ನು ಕೇಳಿ ಬೆಳೆದ ತಲೆಮಾರು ನಮ್ಮ ಅಜ್ಜಂದಿರದು.

ಅವರ ತರುವಾಯ 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರ ಕಥೆ ಇನ್ನೂ ಸೋಜಿಗದ್ದು. ಅವರ ಎಳೆಯ ವಯಸ್ಸಿನ ಹಂಬಲ ಪಿಯಾನೊ ವಾದಕರಾಗಬೇಕೆಂಬುದು. ಲಂಡನ್ನಿನ ಪರೀಕ್ಷೆಗಳನ್ನು ಮುಗಿಸಿದ್ದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ದೊಡ್ಡಪ್ಪ ನಾಲ್ವಡಿಯವರು, ಇಬ್ಬರೂ ಒಂದೇ ವರ್ಷದಲ್ಲಿ ತೀರಿಕೊಂಡು ಇಪ್ಪತ್ತೊಂದರ ತರುಣನ ಹೆಗಲಿಗೆ ರಾಜ್ಯ ಬಿತ್ತು. ಪಿಯಾನೊ ಹಿಂದೆ ಸರಿದರೂ ಪ್ರೀತಿ ಹಿಂದೆ ಸರಿಯಲಿಲ್ಲ. ಲಂಡನ್ನಿನಲ್ಲಿ ವೃದ್ಧಾಪ್ಯದ ಬಡತನದಲ್ಲಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳು ಧ್ವನಿಮುದ್ರಣವಾಗಲೆಂದು ಹಣ ಒದಗಿಸಿದವರು ಅವರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1945ರಲ್ಲಿ ಆರಂಭವಾದ ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೂ ಮೈಸೂರಿನ ನೆರವು ಹರಿಯಿತು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಹಿಂದಿನ ವರ್ಷವಷ್ಟೇ ನಿಧನನಾಗಿದ್ದ ರಿಚರ್ಡ್ ಸ್ಟ್ರಾಸನ ‘ಕಡೆಯ ನಾಲ್ಕು ಹಾಡುಗಳ’ ಪ್ರಥಮ ಪ್ರಯೋಗ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಿರ್ವಹಿಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ ಜಾಮೀನಾಗಿ ನಿಂತವರು ನಮ್ಮ ಮಹಾರಾಜರು. ಅವರು ಸ್ವತಃ ಹೋಗಲಾಗದ್ದರಿಂದ ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಲಾಯಿತು. ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದ ಶ್ರೇಷ್ಠ ಕೃತಿಗಳಲ್ಲೊಂದು ಮೊದಲು ಕೇಳಿಬಂದದ್ದು ಕನ್ನಡ ನಾಡಿನ ಹಣದಿಂದ ಎಂಬುದು ನಮ್ಮ ಮಕ್ಕಳಿಗೆ ಎಷ್ಟು ಮಂದಿಗೆ ಗೊತ್ತು? ಇದೇ ದೊರೆ ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದರು. ಒಂದನ್ನು ಪ್ರೀತಿಸಲು ಇನ್ನೊಂದನ್ನು ಬಿಡಬೇಕೆಂಬ ಲೆಕ್ಕಾಚಾರ ಅವರಲ್ಲಿ ಇರಲಿಲ್ಲ.

ಪಿಟೀಲಿನ ಮಾತನ್ನಂತೂ ವಿಸ್ತರಿಸಬೇಕಾಗಿಯೇ ಇಲ್ಲ. ಮದರಾಸಿನಲ್ಲಿ ಐರೋಪ್ಯ ಗುರುವಿನಿಂದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಕೋಟೆಯ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ಮಾಡಿದರು. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಬಿಗಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಭವನವೇ ಪಿಟೀಲಿನ ಆಕಾರದಲ್ಲಿ 1980ರಲ್ಲಿ ಎದ್ದು ನಿಂತಿತು. ಇಷ್ಟಾದ ಮೇಲೂ ‘ನಮ್ಮದಲ್ಲ’ ಎನ್ನುವುದಾದರೆ, ನಮ್ಮದು ಎಂಬುದರ ಗಡಿಯನ್ನು ನಾವೇ ಅನಗತ್ಯವಾಗಿ ಕಿರಿದುಗೊಳಿಸಿಕೊಂಡಂತೆ.

ಎರಡನೆಯ ಆಕ್ಷೇಪ ಆಪೆರಾದ ಬಗೆಗೆ: “ಆಡುವ ಮಾತನ್ನೆಲ್ಲ ಹಾಡಿ ಹೇಳುವುದು ಅಸಹಜ.” ರಾತ್ರಿಯಿಡೀ ಕುಳಿತು ಭಾಗವತರ ಪದಕ್ಕೆ ಕುಣಿಯುವ ಕರ್ಣನನ್ನು ನೋಡಿದವರು, ಗುಬ್ಬಿ ಕಂಪನಿಯ ನಾಟಕಗಳಲ್ಲಿ ಪಾತ್ರಗಳು ದುಃಖ ಬಂದಾಗ ಹಾರ್ಮೋನಿಯಂ ಕಡೆಗೊಮ್ಮೆ ಕಿವಿಗೊಟ್ಟು ಕಂದಪದ್ಯ ಹಾಡುತ್ತಿದ್ದುದನ್ನು ಮೆಚ್ಚಿದವರು ಈ ಆಕ್ಷೇಪವನ್ನು ಎತ್ತುವುದು ತಮಾಷೆಯಾಗಿದೆ. ನಮ್ಮ ಪು.ತಿ.ನ. ಅವರು ಗೀತನಾಟಕವೆಂಬ ಪ್ರಕಾರವನ್ನೇ ತಪಸ್ಸಿನಂತೆ ಕೈಗೊಂಡು ‘ಗೋಕುಲ ನಿರ್ಗಮನ’ವನ್ನು ಕೊಟ್ಟರು. ಶಿವರಾಮ ಕಾರಂತರು ಗೀತನಾಟಕಗಳನ್ನು ಬರೆದರು, ಆಡಿಸಿದರು. ಹಾಡಿನಲ್ಲಿ ಕಥೆ ನಡೆಸುವುದು ನಮಗೆ ಹೊಸದಲ್ಲ. ಹೊಸದು ಅವರ ಕಂಠದ ಬಗೆ, ಮತ್ತು ಅನೇಕ ಸ್ವರಗಳು ಏಕಕಾಲಕ್ಕೆ ನಡೆಯುವ ಅವರ ಕ್ರಮ. ಇವೆರಡಕ್ಕೂ ಕಿವಿ ಒಗ್ಗಲು ಮೂರು ನಾಲ್ಕು ಸಂಜೆಗಳು ಬೇಕು. ಅದಕ್ಕಿಂತ ಹೆಚ್ಚು ಬೇಡ.

ಭಾಷೆ ತಿಳಿಯದೆಂಬ ಅಳುಕು ಒಂದು ಕಾಲದಲ್ಲಿ ನ್ಯಾಯವಾಗಿತ್ತು. 1983ರಲ್ಲಿ ಟೊರಾಂಟೊ ನಗರದ ಕೆನೇಡಿಯನ್ ಆಪೆರಾ ಕಂಪನಿ ಸ್ಟ್ರಾಸನ ‘ಎಲೆಕ್ಟ್ರಾ’ವನ್ನು ಆಡಿದಾಗ ರಂಗದ ಮೇಲ್ಭಾಗದಲ್ಲಿ ಸಾಹಿತ್ಯದ ಅನುವಾದವನ್ನು ಅಕ್ಷರಗಳಲ್ಲಿ ತೋರಿಸಿತು. ಪಂಡಿತರು ಗೊಣಗಿದರು, ಜನ ಮೆಚ್ಚಿದರು. ಕೆಲವೇ ವರ್ಷಗಳಲ್ಲಿ ಆ ಪದ್ಧತಿ ಎಲ್ಲೆಡೆ ಹಬ್ಬಿತು. ಈಗ ಸಣ್ಣ ಕಾಲೇಜುಗಳಲ್ಲಿಯೂ ಇಟಾಲಿಯನ್ ಹಾಡಿನ ಅರ್ಥ ಇಂಗ್ಲಿಷಿನಲ್ಲಿ ತಲೆಯ ಮೇಲೆ ಹರಿಯುತ್ತಿರುತ್ತದೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನನ್ನ ಉತ್ತರ ಸ್ಪಷ್ಟ: ವಾಗ್ನರನಿಂದ ಬೇಡ. ಐದು ಗಂಟೆಯ ಪ್ರಯೋಗಕ್ಕೆ ಮೊದಲ ಸಲವೇ ಹೋದವರು ಎರಡನೆಯ ಸಲ ಯಾವುದಕ್ಕೂ ಹೋಗುವುದಿಲ್ಲ. ವಿದ್ಯಾರ್ಥಿ ರಂಗಗಳು ಪದೇ ಪದೇ ಆಡುವ, ಒಂದು ಗಂಟೆಯೊಳಗೆ ಮುಗಿಯುವ ಏಕಾಂಕಗಳಿವೆ. ಪುಚ್ಚೀನಿಯ ‘ಜಾನಿ ಸ್ಕೀಕಿ’ ಅಂಥದ್ದು. 1918ರಲ್ಲಿ ನ್ಯೂಯಾರ್ಕಿನಲ್ಲಿಯೇ ಮೊದಲು ಆಡಿದ್ದು. ಫ್ಲಾರೆನ್ಸಿನ ಶ್ರೀಮಂತನೊಬ್ಬ ಸತ್ತಿದ್ದಾನೆ. ಬಂಧುಗಳು ಮಂಚದ ಸುತ್ತ ಗೋಳಾಡುತ್ತಿದ್ದಾರೆ. ಅಷ್ಟರಲ್ಲಿ ಸತ್ತವನು ಆಸ್ತಿಯನ್ನೆಲ್ಲ ಮಠಕ್ಕೆ ಬರೆದಿಟ್ಟಿದ್ದಾನೆಂಬ ಸುದ್ದಿ ತಿಳಿದು ಅಳು ನಿಜವಾದ ಅಳುವಾಗುತ್ತದೆ! ಉಪಾಯಗಾರ ಸ್ಕೀಕಿಯನ್ನು ಕರೆಸುತ್ತಾರೆ. ಅವನು ಹೆಣವನ್ನು ಮರೆಮಾಡಿಸಿ ತಾನೇ ಹಾಸಿಗೆಯಲ್ಲಿ ಮಲಗಿ, ನಡುಗುವ ದನಿಯಲ್ಲಿ ಹೊಸ ಮರಣಶಾಸನ ಹೇಳಿ ಬರೆಸುತ್ತಾನೆ, ಒಳ್ಳೊಳ್ಳೆಯ ಪಾಲನ್ನೆಲ್ಲ ತನ್ನ ಹೆಸರಿಗೇ ಬರೆಸಿಕೊಳ್ಳುತ್ತಾನೆ. ಮೋಸದಲ್ಲಿ ಪಾಲುಗಾರರಾದ ಬಂಧುಗಳು ಬಾಯಿ ಬಿಡುವಂತಿಲ್ಲ. ಜಮೀನಿನ ಪಾಲಿಗಾಗಿ ನ್ಯಾಯಾಲಯಕ್ಕೆ ಅಲೆದ ಮನೆತನಗಳನ್ನು ಕಂಡ ನಮಗೆ ಇದಕ್ಕಿಂತ ಪರಿಚಿತವಾದ ವಸ್ತು ಬೇಕೆ? ಊರಿನಿಂದ ಬಂದಿದ್ದ ಹಿರಿಯರೊಬ್ಬರು ಇದನ್ನು ನೋಡಿ, ಇಟಲಿಯಲ್ಲಿಯೂ ನಮ್ಮ ಹೋಬಳಿಯವರು ಇದ್ದರೆಂದು ನಗುತ್ತ ಹೊರಬಂದದ್ದನ್ನು ನಾನು ಬಲ್ಲೆ.

ಇನ್ನೊಂದು, ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟನ ‘ಸಾವಿತ್ರಿ’. ವೇದಸೂಕ್ತಗಳನ್ನು ಸ್ವತಃ ಅನುವಾದಿಸುವ ಹಟದಿಂದ ಲಂಡನ್ನಿನಲ್ಲಿ ಸಂಸ್ಕೃತ ಕಲಿತ ಸಂಗೀತಗಾರ ಈತ. 1916ರಲ್ಲಿ ಮೊದಲು ಪ್ರಯೋಗವಾದ ಈ ಅರ್ಧ ಗಂಟೆಯ ಕೃತಿಯಲ್ಲಿ ಇರುವುದು ಮೂರೇ ಪಾತ್ರಗಳು, ಸಾವಿತ್ರಿ, ಸತ್ಯವಾನ, ಮೃತ್ಯು. ಜೊತೆಗೆ ಸಾಹಿತ್ಯವಿಲ್ಲದೆ ಹಾಡುವ ಸ್ತ್ರೀಯರ ವೃಂದ, ಹನ್ನೆರಡು ಮಂದಿ ವಾದ್ಯಗಾರರು. ತೆರೆಯ ಹಿಂದಿನಿಂದ, ಯಾವ ವಾದ್ಯದ ಆಸರೆಯೂ ಇಲ್ಲದೆ, ಮೃತ್ಯುವಿನ ಕಂಠ ಮಾತ್ರ ಕೇಳಿಬರುವ ಆರಂಭವನ್ನು ಒಮ್ಮೆ ಕೇಳಿದವರು ಮರೆಯಲಾರರು. ವ್ಯಾಸಭಾರತದ ಸಾವಿತ್ರಿ ನೂರು ಮಕ್ಕಳ ವರ ಬೇಡಿ ಯಮನನ್ನು ಕಟ್ಟಿಹಾಕಿದರೆ, ಹೋಲ್ಸ್ಟನ ಸಾವಿತ್ರಿ ತನಗೆ ಬದುಕನ್ನು ಬೇಡುತ್ತಾಳೆ, ಸತ್ಯವಾನನಿಲ್ಲದ್ದು ಬದುಕೇ ಅಲ್ಲವೆಂದು ವಾದಿಸಿ ಗೆಲ್ಲುತ್ತಾಳೆ. ಪಾತ್ರಗಳೂ ಖರ್ಚೂ ಕಡಿಮೆಯಾದ್ದರಿಂದ ಇದು ವಿದ್ಯಾರ್ಥಿ ತಂಡಗಳ ಕೈಗೆಟಕುವ ಕೃತಿ. ಫಿಲಿಪ್ ಗ್ಲಾಸನ ‘ಸತ್ಯಾಗ್ರಹ’ದಲ್ಲಿ (1980) ಗಾಂಧೀಜಿಯ ದಕ್ಷಿಣ ಆಫ್ರಿಕದ ಹೋರಾಟ ನಡೆಯುತ್ತಿರುವಾಗ ಹಾಡುವ ಸಾಹಿತ್ಯವೆಲ್ಲ ಭಗವದ್ಗೀತೆಯ ಸಂಸ್ಕೃತ. ಭಾರತವನ್ನು ಕುರಿತ ಎಲ್ಲ ಆಪೆರಾಗಳೂ ಇಷ್ಟು ಗೌರವಾರ್ಹವೆಂದು ನಾನು ಹೇಳಲಾರೆ. ಡೆಲೀಬನ ‘ಲಾಕ್ಮೆ’ಯ (1883) ಪುರೋಹಿತನ ಮಗಳು ನಮ್ಮ ನಾಡಿನ ಯಾವ ಅಗ್ರಹಾರದಲ್ಲಿಯೂ ಸಿಕ್ಕುವವಳಲ್ಲ. ಆದರೂ ಅದರ ಇಬ್ಬರು ಸ್ತ್ರೀಯರ ಹಾಡು ಕಿವಿಗೆ ಬಿದ್ದಾಗ ಜಗಳ ಮರೆತುಹೋಗುತ್ತದೆ.

ಈ ಹಾಡುಗಾರರ ಮುಂದೆ ಮೈಕು ಇರುವುದಿಲ್ಲವೆಂಬುದನ್ನು ನಮ್ಮವರು ಗಮನಿಸಬೇಕು. ಹಳ್ಳದಲ್ಲಿ ಕುಳಿತ ಅರುವತ್ತು ವಾದ್ಯಗಳನ್ನು ದಾಟಿ ಒಂದು ಮನುಷ್ಯ ಕಂಠ ಕೊನೆಯ ಸಾಲನ್ನು ತಲುಪುತ್ತದೆ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್ 1970ರ ದಶಕದಲ್ಲಿ ಇದರ ಗುಟ್ಟನ್ನು ಅಳೆದು ತೋರಿಸಿದರು. ವಾದ್ಯವೃಂದದ ಶಬ್ದಶಕ್ತಿ 500 ಹರ್ಟ್ಸ್ ಆಸುಪಾಸಿನಲ್ಲಿ ಹೆಚ್ಚು, ಅಲ್ಲಿಂದ ಮೇಲೆ ಇಳಿಯುತ್ತ ಹೋಗುತ್ತದೆ. ಪಳಗಿದ ಹಾಡುಗಾರರು, ಅದರಲ್ಲಿಯೂ ಪುರುಷರು, ಗಂಟಲಿನ ಆಕಾರವನ್ನು ಹೊಂದಿಸಿ ಸುಮಾರು 3,000 ಹರ್ಟ್ಸ್ ಬಳಿ ತಮ್ಮ ದನಿಗೆ ಒಂದು ಶಿಖರವನ್ನು ಪಡೆಯುತ್ತಾರೆ. ವಾದ್ಯಗಳು ಸೊರಗುವ ಜಾಗದಲ್ಲಿ ಕಂಠ ಮೇಲೇಳುತ್ತದೆ. ಬಯಲಿನಲ್ಲಿ ಮೈಕಿಲ್ಲದೆ ಬೆಳಗಿನವರೆಗೆ ಹಾಡುತ್ತಿದ್ದ ಹಳೆಯ ಭಾಗವತರೂ ತಮ್ಮದೇ ರೀತಿಯಲ್ಲಿ ಇಂಥದೊಂದು ಉಪಾಯವನ್ನು ಕಂಡುಕೊಂಡಿರಲೇಬೇಕು. ನಮ್ಮ ಕೂಟಗಳ ಉತ್ಸವಗಳಲ್ಲಿ ಮುನ್ನೂರು ಜನರ ಸಭೆಗೆ ಮೂರು ಸಾವಿರ ಜನರಿಗಾಗುವಷ್ಟು ಧ್ವನಿವರ್ಧಕ ಹಚ್ಚಿ, ವೀಣೆಯನ್ನು ಕಬ್ಬಿಣದ ತಗಡಿನಂತೆ ಕೇಳಿಸುವ ನಮಗೆ, ಸಹಜ ದನಿಯ ಒಂದು ಸಂಜೆ ಕಿವಿಗೆ ಎಣ್ಣೆಸ್ನಾನವಾದೀತು.

ವಾದ್ಯವೃಂದದ ಕಚೇರಿಯಲ್ಲಿಯೂ ಮನಸ್ಸು ಸೆಳೆಯುವ ಗಳಿಗೆ ಕಾರ್ಯಕ್ರಮಕ್ಕೆ ಮೊದಲೇ ಬರುತ್ತದೆ. ಓಬೋ ವಾದಕಿ ಒಂದೇ ಸ್ವರವನ್ನು ಉದ್ದಕ್ಕೆ ಊದುತ್ತಾಳೆ. ಎಂಬತ್ತು ವಾದ್ಯಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ನಮ್ಮ ಶ್ರುತಿ ಸೇರಿಸುವ ಕೆಲಸವೇ ಅದು. ಒಂದೇ ವ್ಯತ್ಯಾಸ: ನಮ್ಮ ತಂಬೂರಿ ಕಚೇರಿ ಮುಗಿಯುವವರೆಗೂ ಮಿಡಿಯುತ್ತಿರುತ್ತದೆ, ಅವರ ಓಬೋ ಸುಮ್ಮನಾಗುತ್ತದೆ. ಆಮೇಲೆ ಶ್ರುತಿಯನ್ನು ಪ್ರತಿಯೊಬ್ಬರೂ ಪಕ್ಕದವರನ್ನು ಕೇಳುತ್ತ ಕೇಳುತ್ತ ಕಾಯ್ದುಕೊಳ್ಳಬೇಕು. ಒಂಟಿ ವಿದ್ವಾಂಸರ ಮನೋಧರ್ಮವನ್ನು ಆರಾಧಿಸಿ ಬಂದ ನಮಗೆ ಈ ಸಾಮೂಹಿಕ ಶಿಸ್ತು ನೋಡಿಕೊಳ್ಳತಕ್ಕದ್ದೇ.

ವಿದ್ಯಾರ್ಥಿಗಳನ್ನೇ ಏಕೆ ಕೇಳಬೇಕು, ಶ್ರೇಷ್ಠ ವಾದ್ಯವೃಂದಗಳ ಧ್ವನಿಮುದ್ರಣಗಳು ಬೆರಳ ತುದಿಯಲ್ಲಿರುವಾಗ? ನಮ್ಮ ರಾಜ್ಯದ ಕಾಲೇಜೊಂದರಲ್ಲಿ ಬ್ರಾಮ್ಸನ ಒಂದನೆಯ ಸಿಂಫನಿಯನ್ನು (1876) ಕೇಳಿದ ಸಂಜೆ ನನಗಿದಕ್ಕೆ ಉತ್ತರ ದೊರೆಯಿತು. ಆ ಕೃತಿಯಲ್ಲಿ ಮೂವರು ಟ್ರಾಂಬೋನ್ ವಾದಕರು ಮೊದಲ ಮೂರು ಭಾಗಗಳ ಉದ್ದಕ್ಕೂ, ಅಂದರೆ ಸುಮಾರು ಅರ್ಧ ಗಂಟೆ, ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿರಬೇಕು. ಬೆಳಗಿನ ಜಾವದ ಒಂದೇ ಒಂದು ಪ್ರವೇಶಕ್ಕಾಗಿ ಚೌಕಿಯಲ್ಲಿ ರಾತ್ರಿಯಿಡೀ ಬಣ್ಣ ಹಚ್ಚಿ ಕಾಯುವ ವೇಷಧಾರಿಯ ನೆನಪಾಯಿತು ನನಗೆ. ಕೊನೆಯ ಭಾಗದಲ್ಲಿ ಮೋಡ ಸರಿದಂತೆ ಫ್ರೆಂಚ್ ಹಾರ್ನ್ ಒಂದೇ ಮೇಲೇಳುತ್ತದೆ. ಬ್ರಾಮ್ಸ್ ಆ ಮಟ್ಟನ್ನು 1868ರಲ್ಲಿಯೇ ಕ್ಲಾರಾ ಶೂಮನ್ನರಿಗೆ ಹುಟ್ಟುಹಬ್ಬದ ಶುಭಾಶಯವಾಗಿ ಬರೆದು ಕಳುಹಿಸಿದ್ದ. ಅಂದು ಅದನ್ನು ನುಡಿಸಬೇಕಾದ ಹುಡುಗಿಯ ಮೊದಲ ಸ್ವರ ಒಡೆಯಿತು. ಇಡೀ ಸಭೆಗೆ ಅದು ಕೇಳಿಸಿತು. ಆಕೆಯ ಕತ್ತು ಕೆಂಪಾಯಿತು. ಎರಡನೆಯ ಸ್ವರ ನೇರವಾಗಿ ಬಂತು. ಮೂರನೆಯದು ಸುಂದರವಾಗಿ ಬಂತು. ಬಳಿಕ ಕೊಳಲು ಅದೇ ಮಟ್ಟನ್ನು ಕೈಗೆತ್ತಿಕೊಂಡಿತು. ಆಗ ಇತ್ತ ಟ್ರಾಂಬೋನುಗಳು ಮೊಟ್ಟಮೊದಲ ಬಾರಿಗೆ ತುಟಿಗೇರಿ ಪ್ರಾರ್ಥನೆಯಂತೆ ನುಡಿದವು. ಧ್ವನಿಮುದ್ರಿಕೆಯಲ್ಲಿ ಆ ಮೊದಲ ಸ್ವರ ಎಂದಿಗೂ ಒಡೆಯುವುದಿಲ್ಲ. ಒಡೆಯಬಹುದಾಗಿತ್ತೆಂಬುದೂ ಆದ್ದರಿಂದ ನಮಗೆ ತಿಳಿಯುವುದಿಲ್ಲ.

ಇಂಥ ಸಂಜೆಗಳು ಶಾಶ್ವತವೆಂದು ಭಾವಿಸುವಂತಿಲ್ಲ. ಬಾಲ್ಟಿಮೋರಿನ ಹಳೆಯ ಆಪೆರಾ ಕಂಪನಿ 2009ರಲ್ಲಿ ಮುಚ್ಚಿತು. ಕನೆಕ್ಟಿಕಟ್ ಆಪೆರಾ ಅದೇ ವರ್ಷ ಕಣ್ಣುಮುಚ್ಚಿತು. ನ್ಯೂಯಾರ್ಕ್ ಸಿಟಿ ಆಪೆರಾ 2013ರಲ್ಲಿ ದಿವಾಳಿಯಾಯಿತು. ಸ್ಯಾನ್ ಆಂಟೋನಿಯೊ ಸಿಂಫನಿ 2022ರಲ್ಲಿ ವಿಸರ್ಜನೆಯಾಯಿತು. ಫಿಲಡೆಲ್ಫಿಯದ ಆಪೆರಾ 2024ರಲ್ಲಿ ಟಿಕೆಟ್ಟುಗಳನ್ನು 11 ಡಾಲರಿನಿಂದ ಮಾರತೊಡಗಿದ್ದು ಔದಾರ್ಯದಿಂದ ಮಾತ್ರವಲ್ಲ, ಖಾಲಿ ಕುರ್ಚಿಗಳ ಭಯದಿಂದಲೂ. ಶಾಲೆಗಳ ಸ್ಥಿತಿ ಇನ್ನೂ ನಾಜೂಕು. ಕ್ಯಾಲಿಫೋರ್ನಿಯದಲ್ಲಿ 1978ರಲ್ಲಿ ಆಸ್ತಿ ತೆರಿಗೆಗೆ ಮಿತಿ ಹೇರಿದ 13ನೆಯ ಪ್ರಸ್ತಾವ ಗೆದ್ದ ಮೇಲೆ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಸಂಗೀತದ ಮೇಷ್ಟರೇ ಇಲ್ಲವಾದರು. ಹಣ ಕಡಿಮೆಯಾದಾಗಲೆಲ್ಲ ಕತ್ತರಿ ಮೊದಲು ಬೀಳುವುದು ಗಣಿತದ ಮೇಲಲ್ಲ, ಪಿಟೀಲಿನ ಮೇಲೆ. ಶಾಲಾ ಮಂಡಳಿಯ ಅಂತಹ ಸಭೆಗಳಲ್ಲಿ, ಮಕ್ಕಳನ್ನು ವಾದ್ಯವೃಂದದಲ್ಲಿಟ್ಟ ನಮ್ಮವರು ಎದ್ದು ಮಾತನಾಡಿದ್ದನ್ನು ನಾನು ಕಂಡದ್ದು ಬಲು ಅಪರೂಪ. ಕೇಳುವ ರೂಢಿ ಇಲ್ಲದವರಿಗೆ ಕಳೆದುಕೊಳ್ಳುವುದೇನೆಂಬುದೂ ಹೊಳೆಯುವುದಿಲ್ಲ.

ನಮಗೊಂದು ಹಳೆಯ ದೂರಿದೆ. ನಾವು ಯಕ್ಷಗಾನ ತಂಡವನ್ನು ಕರೆಸುತ್ತೇವೆ, ಸಂಗೀತೋತ್ಸವ ನಡೆಸುತ್ತೇವೆ, ಊರಿನ ಅಮೆರಿಕನ್ನರು ಬರುವುದಿಲ್ಲ ಎಂದು. ದೂರು ಪೂರ್ತಿ ಸುಳ್ಳಲ್ಲ. ಆದರೆ ಎದುರು ಪುಟದ ಲೆಕ್ಕವನ್ನೂ ನೋಡಬೇಕು. ಕ್ಲೀವ್‌ಲ್ಯಾಂಡಿನಲ್ಲಿ 1978ರಲ್ಲಿ ಆರಂಭವಾದ ತ್ಯಾಗರಾಜರ ಆರಾಧನೆ ಬೆಳೆದು ಬೃಹತ್ತಾದದ್ದು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದ ಸಭಾಂಗಣಗಳಲ್ಲಿ. ಕನೆಕ್ಟಿಕಟ್ಟಿನ ವೆಸ್ಲಿಯನ್ ವಿಶ್ವವಿದ್ಯಾಲಯ ದಶಕಗಳಿಂದ ಅಮೆರಿಕನ್ ವಿದ್ಯಾರ್ಥಿಗಳಿಗೆ ಕರ್ನಾಟಕ ಸಂಗೀತವನ್ನೂ ಮೃದಂಗವನ್ನೂ ಕಲಿಸುತ್ತ ಬಂದಿದೆ. ಅಲ್ಲಿ ಓದಿ, ಟಿ. ವಿಶ್ವನಾಥನ್ ಅವರಿಂದ ಕಲಿತ ಜಾನ್ ಹಿಗಿನ್ಸ್ (1939–1984) ನಮ್ಮ ಜನರ ಬಾಯಲ್ಲಿ ‘ಹಿಗಿನ್ಸ್ ಭಾಗವತರ್’ ಆದರು; ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ವನ್ನು ಕನ್ನಡದಲ್ಲಿಯೇ ಹಾಡಿ ಕೇಳಿದವರ ಕಣ್ಣು ಒದ್ದೆಯಾಗಿಸಿದರು. ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿದವರೊಬ್ಬರು ನಮ್ಮ ದೇವರನಾಮದವರೆಗೆ ನಡೆದು ಬಂದರು. ನಾವು ಅವರ ಊರಿನ ಸಭಾಂಗಣದವರೆಗೆ ಕಾರಿನಲ್ಲಿ ಹೋಗಲಾರೆವೆ? ಅಲ್ಲಿನ ಜನರೊಡನೆ ವಿರಾಮದಲ್ಲಿ ಒಂದು ಲೋಟ ಕಾಫಿ ಕುಡಿದು ಪರಿಚಯವಾದರೆ, ಮುಂದಿನ ನಮ್ಮ ಉತ್ಸವಕ್ಕೆ ಕರೆಯಲು ಮುದ್ರಿತ ಆಹ್ವಾನಪತ್ರವೂ ಬೇಕಾಗಲಾರದು.

ಹಣವಿಲ್ಲವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಚಲನಚಿತ್ರ ಗಾಯಕರ ‘ನೈಟ್’ಗಳಿಗೆ ತಲೆಗೆ ನೂರು ಡಾಲರ್ ತೆತ್ತು, ಪೂರ್ವಮುದ್ರಿತ ವಾದ್ಯಗಳ ಮೇಲೆ ಹಾಡಿದ್ದನ್ನು ಕೇಳಿ ಬರುವ ಸಮುದಾಯ ನಮ್ಮದು. ಸಮಯದ ಕೊರತೆ ನಿಜ. ಆದರೆ ವಾರಾಂತ್ಯದ ಮೂರು ಸತ್ಯನಾರಾಯಣ ಪೂಜೆ, ಎರಡು ಹುಟ್ಟುಹಬ್ಬಗಳ ನಡುವೆ ತಿಂಗಳಿಗೊಂದು ಸಂಜೆ ಉಳಿಯದೆ ಇರಲಾರದು.

ಇನ್ನು ಉಳಿದದ್ದು ನಡವಳಿಕೆಯ ಸಂಕೋಚ. ಯಾವಾಗ ಚಪ್ಪಾಳೆ ತಟ್ಟಬೇಕು, ಯಾವಾಗ ತಟ್ಟಬಾರದು? ‘ಆಹಾ’ ಎನ್ನುತ್ತ, ತೊಡೆಯ ಮೇಲೆ ತಾಳ ಹಾಕುತ್ತ ಕೇಳುವ ನಮಗೆ ಸಿಂಫನಿಯ ಭಾಗಗಳ ನಡುವಿನ ಮೌನ ಉಸಿರುಕಟ್ಟಿಸುವುದು ಸಹಜ. ಸಮಾಧಾನದ ಸಂಗತಿಯೆಂದರೆ ಆ ಮೌನ ಅವರಲ್ಲಿಯೂ ಇತ್ತೀಚಿನದು. ಮೊಜಾರ್ಟನ ಪ್ಯಾರಿಸ್ ಸಿಂಫನಿಯನ್ನು 1778ರಲ್ಲಿ ಕೇಳಿದ ಜನ ಮೊದಲ ಭಾಗದ ನಡುವೆಯೇ ಚಪ್ಪಾಳೆ ತಟ್ಟಿದರು, ಅದನ್ನು ಆತ ಸಂತೋಷದಿಂದ ತಂದೆಗೆ ಬರೆದ. 1813ರಲ್ಲಿ ಬೇಥೋವನನ ಏಳನೆಯ ಸಿಂಫನಿಯ ಎರಡನೆಯ ಭಾಗವನ್ನು ಜನ ಮತ್ತೊಮ್ಮೆ ನುಡಿಸಿಕೊಂಡೇ ಬಿಟ್ಟರು. 1786ರಲ್ಲಿ ವಿಯೆನ್ನಾದಲ್ಲಿ ‘ಫಿಗರೋನ ಮದುವೆ’ ಆಡಿದಾಗ ‘ಒನ್ಸ್ ಮೋರ್’ಗಳ ಹಾವಳಿ ಎಷ್ಟಾಯಿತೆಂದರೆ, ಒಂದಕ್ಕಿಂತ ಹೆಚ್ಚು ಕಂಠಗಳ ಹಾಡನ್ನು ಮರಳಿ ಹಾಡಿಸಕೂಡದೆಂದು ಚಕ್ರವರ್ತಿಯೇ ಆಜ್ಞೆ ಹೊರಡಿಸಬೇಕಾಯಿತು. ನಮ್ಮ ಕಂಪನಿ ನಾಟಕಗಳ ಮಾಲೀಕರಿಗೆ ಇಂತಹ ಚಕ್ರವರ್ತಿಯೊಬ್ಬ ಸಿಕ್ಕಿದ್ದರೆ ಎಷ್ಟೋ ರಾತ್ರಿಗಳು ಬೇಗ ಮುಗಿಯುತ್ತಿದ್ದವು. ಇಂದಿನ ಪದ್ಧತಿಯಂತೆ ನಿರ್ವಾಹಕರು ಕೈ ಕೆಳಗಿಳಿಸಿ ಸಭೆಯತ್ತ ತಿರುಗುವವರೆಗೆ ಕಾದರೆ ಸಾಕು. ಆಪೆರಾದಲ್ಲಿ ಒಳ್ಳೆಯ ಹಾಡು ಮುಗಿದೊಡನೆ ತಟ್ಟಬಹುದು, ‘ಬ್ರಾವೋ’ ಎನ್ನಬಹುದು. ‘ಭೇಷ್’ ಎಂದರೂ ಯಾರೂ ಹೊರಗೆ ಕಳುಹಿಸುವುದಿಲ್ಲ. ಉಡುಪಿನ ಕಟ್ಟಳೆ ಯಾವುದೂ ಇಲ್ಲ. ರೇಷ್ಮೆ ಸೀರೆಯುಟ್ಟು ಹೋದರೆ ಎದುರು ಬಂದವರು ಮೆಚ್ಚಿಯೇ ನೋಡುತ್ತಾರೆ. ತಡವಾಗಿ ಹೋಗುವುದು ಮಾತ್ರ ನಡೆಯದು, ಬಾಗಿಲು ಮುಚ್ಚಿರುತ್ತದೆ. ನಮ್ಮ ಕೂಟಗಳ ಗಡಿಯಾರಕ್ಕೂ ಅವರದಕ್ಕೂ ಮುಕ್ಕಾಲು ಗಂಟೆಯ ಅಂತರವಿದೆಯೆಂಬುದನ್ನು ನೆನಪಿಡತಕ್ಕದ್ದು.

ಊರಿನಿಂದ ಆರು ತಿಂಗಳಿಗೆಂದು ಬಂದು, ಹಗಲೆಲ್ಲ ಕಿಟಕಿಯ ಬಳಿ ಕುಳಿತು ಬೀದಿಯಲ್ಲಿ ಒಬ್ಬ ಮನುಷ್ಯನೂ ನಡೆಯುವುದಿಲ್ಲವೆಂದು ಬೇಸರಪಡುವ ನಮ್ಮ ತಾಯಿತಂದೆಯರನ್ನು ಈ ಕಚೇರಿಗಳಿಗೆ ಕರೆದೊಯ್ಯುವುದು ಬಹಳ ಸುಲಭ. ವಾರದ ನಡುವಿನ ಸಂಜೆಗಳಲ್ಲಿ ವಿದ್ಯಾರ್ಥಿಗಳ ಪದವಿ ಕಚೇರಿಗಳು ನಡೆಯುತ್ತವೆ. ಇಪ್ಪತ್ತೆರಡರ ಹುಡುಗನೊಬ್ಬ ಚೆಲ್ಲೋ ಹಿಡಿದು ಬಂದು ಕುಳಿತು, ಒಂದು ಗಂಟೆ ನುಡಿಸಿ ನಮಸ್ಕರಿಸಿ ಹೋಗುತ್ತಾನೆ. ಕೇಳಲು ಅವನ ಗುರುಗಳು, ಗೆಳೆಯರು, ಮನೆಯವರು ಸೇರಿ ನಲವತ್ತು ಜನ ಇದ್ದರೆ ಹೆಚ್ಚು. ಅಲ್ಲಿ ಇಬ್ಬರು ಹಿರಿಯರು ಹೋಗಿ ಕುಳಿತರೆ ಅವನಿಗೂ ಕಾಣಿಸುತ್ತದೆ. ಟಿಕೆಟ್ಟಿಲ್ಲ, ಸಂಜೆಯಾದ ಮೇಲೆ ವಾಹನ ನಿಲ್ಲಿಸುವುದಕ್ಕೂ ಸಾಮಾನ್ಯವಾಗಿ ತೊಂದರೆ ಇಲ್ಲ. ವಿಶ್ವವಿದ್ಯಾಲಯಗಳ ಕಾರ್ಯಕ್ರಮಗಳ ಪಟ್ಟಿ ಸೆಪ್ಟೆಂಬರಿನ ಹೊತ್ತಿಗೆ ಪ್ರಕಟವಾಗಿರುತ್ತದೆ. ನಮ್ಮ ಕೂಟಗಳ ಕಾರ್ಯಕಾರಿ ಸಮಿತಿಯವರು ರಾಜ್ಯೋತ್ಸವದ ದಿನವನ್ನು ಗೊತ್ತುಪಡಿಸುವ ಮೊದಲು ಅದರ ಮೇಲೊಮ್ಮೆ ಕಣ್ಣಾಡಿಸಬಹುದು.